ಜಾರ್ಲತ್‌ನ ಮನೆ ಲಾಟರಿಗೆ ಹೋದದ್ದು

ಜಾರ್ಲತ್ ಬದುಕಿದ್ದಷ್ಟು ದಿನ ನನಗೂ ಅವನಿಗೂ ಆಗಿಬರಲಿಲ್ಲ. ಬೇಲಿಯ ವಿಷಯಕ್ಕೆ ಜಗಳ, ಅವನ ನಾಯಿಯ ವಿಷಯಕ್ಕೆ ಜಗಳ, ಬೆಳಿಗ್ಗೆ ನಾನು ಓಡಿಸುವ ಶಾಲೆಯ ಮಿನಿಬಸ್ಸು ಗುರ್ ಅನ್ನುತ್ತದೆಂದು ಇನ್ನೊಂದು ಜಗಳ. ನಾಕ್‌ರೋ ರಸ್ತೆಯಲ್ಲಿ ಉಳಿದಿದ್ದದ್ದೇ ಎರಡು ಮನೆ, ಅವನದೊಂದು, ನನ್ನದೊಂದು. ಮಿಕ್ಕವರೆಲ್ಲ ಡಬ್ಲಿನ್‌ಗೋ ಸ್ಮಶಾನಕ್ಕೋ ಹೋಗಿಯಾಗಿತ್ತು. ಇಂಥ ಜಾಗದಲ್ಲಿರುವ ಎರಡು ಒಂಟಿ ಜೀವಗಳು ಹೊಂದಿಕೊಂಡು ಹೋಗುತ್ತವೆ ಅಂತ ನೀವು ತಿಳಿದಿದ್ದರೆ, ನಮ್ಮ ಊರಿನವರನ್ನು ನೀವು ನೋಡಿಲ್ಲ ಅಂತಾಯಿತು. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಅವನು ಎದೆನೋವು ಬಂದು ಸತ್ತ. ಅವನ ಶವದ ಪಕ್ಕ ರಾತ್ರಿಯಿಡೀ ಕೂತವಳು ನಾನೇ. ಮನೆಗೆ ಬಂದು ಕೆಟಲಿಗೆ ನೀರು ಹಾಕುವಾಗ, ಇನ್ನು ನನ್ನನ್ನು ಬೈಯುವವರು ಈ ರಸ್ತೆಯಲ್ಲಿ ಯಾರೂ ಇಲ್ಲವಲ್ಲ ಅನಿಸಿತು.

ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಮನೆಯನ್ನು ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಬರೆದಿಟ್ಟಿದ್ದ. ಕ್ಲಬ್ಬಿಗೆ ಹೆಣ್ಣುಮಕ್ಕಳ ತಂಡಕ್ಕೊಂದು ಮೈದಾನ ಬೇಕಿತ್ತು, ಬಟ್ಟೆ ಬದಲಾಯಿಸುವ ಕೋಣೆಗಳು ಬೇಕಿದ್ದವು. ಮನೆಯನ್ನು ಮಾರಿದರೆ ಬರುವುದಕ್ಕಿಂತ ಲಾಟರಿಗೆ ಹಾಕಿದರೆ ಹೆಚ್ಚು ಬರುತ್ತದೆ ಎಂದು ಯಾರೋ ಲೆಕ್ಕ ಹಾಕಿದರು. ಒಂದು ಟಿಕೆಟ್ಟಿಗೆ ಐವತ್ತು ಯೂರೋ. ಕ್ಲಬ್ಬಿನ ಕಾರ್ಯದರ್ಶಿ ಎಂಡಾ ಟಿಕೆಟ್ ಪುಸ್ತಕಗಳನ್ನು ಹಿಡಿದುಕೊಂಡು ನನ್ನ ಅಡುಗೆಮನೆಗೇ ಬಂದ.

"ಅಟ್ರಾಕ್ಟಾ, ನೀವು ಬಸ್ಸು ಓಡಿಸೋರು, ಊರೆಲ್ಲಾ ಗೊತ್ತು. ನಿಮ್ಮಷ್ಟು ಟಿಕೆಟ್ ಮಾರೋರು ಯಾರೂ ಇಲ್ಲ."

"ಹೊಗಳಿದ್ದು ಸಾಕು, ಅಲ್ಲಿಡು. ನನಗೊಂದು ಕೊಳ್ಳು ಅಂತ ಮಾತ್ರ ಹೇಳ್ಬೇಡ."

"ಅಯ್ಯೋ, ಪಕ್ಕದ ಮನೆನೇ ಕಣ್ರೀ! ನಿಮಗೇ ಬಂದ್ರೆ?"

"ನನಗ್ಯಾಕೋ ಎರಡು ಮನೆ? ಬೆಳಿಗ್ಗೆ ಇಲ್ಲಿ ಕೂತು, ಸಂಜೆ ಅಲ್ಲಿ ಕೂತು ಕೆಮ್ಮಲಾ?"

ಎಂಡಾ ನಕ್ಕ. ಜಿಪುಣಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ. ನಿಜ ಏನೆಂದರೆ, ಆ ಮನೆ ನನಗೆ ಬರುವುದು ಎಂದರೆ ಅದಕ್ಕಿಂತ ಕೆಟ್ಟದ್ದು ನನಗೆ ಬೇರೆ ಇರಲಿಲ್ಲ. ಯಾರಿಗಾದರೂ ಬರಲಿ, ಬಂದವರು ಬಂದು ಅಲ್ಲಿ ಇರಲಿ, ಅವರ ಮಕ್ಕಳು ಕಿರುಚಲಿ, ಅವರ ನಾಯಿ ನನ್ನ ಕೋಸಿನ ಗಿಡ ಅಗೆಯಲಿ. ನನಗೆ ಬೇಕಿದ್ದದ್ದು ಅಷ್ಟೇ, ಪಕ್ಕದಲ್ಲಿ ಜನ. ಇದನ್ನು ಎಂಡಾನ ಹತ್ತಿರ ಹೇಳಲಾಗುತ್ತದೆಯೇ? ಅರವತ್ಮೂರು ವರ್ಷದ ಹೆಂಗಸು, ಒಂಟಿಯಾಗಿರೋದೇ ನನಗೆ ಸುಖ ಅಂತ ಮೂವತ್ತು ವರ್ಷದಿಂದ ಊರಿಗೆಲ್ಲ ಸಾರಿಕೊಂಡು ಬಂದವಳು!

ಮಲಕಿಯ ಅಂಗಡಿಯಲ್ಲಿ ವಾರಗಟ್ಟಲೆ ಇದೇ ಮಾತು. ಹಾಲು ಕೊಳ್ಳಲು ಬಂದವರು, ಪೇಪರ್ ಕೊಳ್ಳಲು ಬಂದವರು, ಎಲ್ಲರೂ ಲಾಟರಿಯ ಪಂಡಿತರೇ.

"ಐದು ಸಾವಿರ ಟಿಕೆಟ್ಟು, ಒಂದು ಮನೆ," ಎನ್ನುತ್ತಿದ್ದ ಮಲಕಿ. "ಅದಕ್ಕಿಂತ ಸಿಡಿಲು ಹೊಡೆಯೋದು ಸುಲಭ. ಆ ಐವತ್ತು ಯೂರೋಗೆ ಒಲೆಗೆ ಕಲ್ಲಿದ್ದಲು ತಗೊಂಡ್ರೆ ಮೈಯಾದ್ರೂ ಬೆಚ್ಚಗಾಗತ್ತೆ."

"ಮತ್ತೆ ನಿನ್ನ ಗಲ್ಲಾಪೆಟ್ಟಿಗೆ ಹಿಂದಿರೋ ಆ ಟಿಕೆಟ್ಟು ಯಾರ್ದು?" ಎಂದು ನಾನು ಹಣದ ಪೆಟ್ಟಿಗೆಯ ಹಿಂದೆ ಅಂಟಿಸಿದ್ದನ್ನು ತೋರಿಸಿದೆ.

"ಅದು ಕ್ಲಬ್ಬಿಗೋಸ್ಕರ. ದಾನ."

"ಓಹೋ. ಮನೆ ಬಂದ್ರೆ ವಾಪಸ್ ಕೊಡ್ತೀಯಾ ಹಾಗಾದ್ರೆ?"

"ನಿನಗೆ ಹಾಲು ಬೇಕಾ, ಬೇಡ್ವಾ?" ಎಂದ ಮಲಕಿ.

ನಾನು ಟಿಕೆಟ್ ಮಾರಿದೆ, ಮಾರುತ್ತಲೇ ಜನರನ್ನು ಅಳೆದೆ. ಇವಳಿಗೆ ಬಂದರೆ ಬೇಸಿಗೆಗೆ ಮಾತ್ರ ಬರುತ್ತಾಳೆ. ಇವನಿಗೆ ಬಂದರೆ ಮಾರಿಬಿಡುತ್ತಾನೆ. ಇವರಿಗೆ ಬಂದರೆ ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟು, ವಾರಕ್ಕೊಂದು ಹೊಸ ಮುಖ ನನಗೆ ಕೈ ಬೀಸಿ ಹೋಗುತ್ತದೆ. ಹೀಗೆ ಎಲ್ಲರನ್ನೂ ಜರಡಿ ಹಿಡಿದ ಮೇಲೆ ಉಳಿದದ್ದು ಒಂದೇ ಕುಟುಂಬ, ರೊಸಿಲೇನೆಯದು.

ರೊಸಿಲೇನೆ ಬ್ರೆಜಿಲ್‌ನವಳು. ಅವಳ ಗಂಡ ವಾಲ್ಡೆಸಿ ನಮ್ಮ ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವರಂಥವರು ನಮ್ಮ ಜಿಲ್ಲೆಯಲ್ಲಿ ಈಗ ಎಷ್ಟೋ ಮಂದಿ ಇದ್ದಾರೆ. ಇವರಿದ್ದದ್ದು ಮೀನು ಕರಿಯುವ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಇಬ್ಬರು ಹೆಣ್ಣುಮಕ್ಕಳು, ಯಾರಾ ಮತ್ತು ಮಾಯ್ಸಾ, ನನ್ನ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದರು. ಸುತ್ತಿ ಸುತ್ತಿ ಬರುವ ದಾರಿ, ಅವರದೇ ಕೊನೆಯ ನಿಲ್ದಾಣ. ಅವರನ್ನು ಇಳಿಸಿದರೆ ರೊಸಿಲೇನೆ ಮೆಟ್ಟಿಲ ಮೇಲೆ ಕಾದಿರುತ್ತಿದ್ದಳು. ಕೈಯಲ್ಲಿ ಚೀಸ್ ಹಾಕಿ ಸುಟ್ಟ ಬಿಸಿ ಬಿಸಿ ಪುಟ್ಟ ರೊಟ್ಟಿಯುಂಡೆಗಳು. "ದೋನಾ ಅಟ್ರಾಕ್ಟಾ, ತಿಂದೇ ಹೋಗ್ಬೇಕು" ಎನ್ನುವಳು, ಅವರ ಭಾಷೆಯಲ್ಲಿ ದೋನಾ ಅಂದರೆ ಅಮ್ಮಾವ್ರೇ ಅಂದಂತೆ. ನಾನು ಹೊತ್ತಾಯಿತು ಎನ್ನುತ್ತಿದ್ದೆ. ಆಮೇಲೆ ಬಸ್ಸಿನ ಎಂಜಿನ್ ಆರಿಸಿ ಕೂತು ನಾಲ್ಕು ತಿನ್ನುತ್ತಿದ್ದೆ. ದಿನದಲ್ಲಿ ನಾನು ಬಾಯಿ ತುಂಬ ಮಾತಾಡುತ್ತಿದ್ದದ್ದು ಆಗ ಮಾತ್ರ.

ಈಸ್ಟರ್ ಹೊತ್ತಿಗೆ ಒಮ್ಮೆ ಅವರನ್ನು ಚಹಾಕ್ಕೆ ಕರೆದಿದ್ದೆ. ಮಕ್ಕಳು ಮೇಲಕ್ಕೆ ಓಡಿ ಬಾಗಿಲುಗಳನ್ನೆಲ್ಲ ತೆರೆದು ನೋಡಿ ಬಂದರು. "ಅಮ್ಮಾ, ಹಾಸಿಗೆ ಇದೆ, ಆದ್ರೆ ಯಾರೂ ಇಲ್ಲ!" ಎಂದಳು ಚಿಕ್ಕವಳು ಮಾಯ್ಸಾ. ನಮ್ಮಪ್ಪ ಒಂಬತ್ತು ಮಕ್ಕಳಿಗೆಂದು ಕಟ್ಟಿದ ಮನೆ ಅದು, ಇರುತ್ತದೆ ಮತ್ತೆ. ಆ ದಿನವೇ ರೊಸಿಲೇನೆ ಹೇಳಿದಳು, ಕೆಳಗಿನ ಮೀನಂಗಡಿಯವನು ಕಟ್ಟಡ ಮಾರುತ್ತಿದ್ದಾನೆ, ಬೇಸಿಗೆಯೊಳಗೆ ಖಾಲಿ ಮಾಡಬೇಕು, ಜಿಲ್ಲೆಯಲ್ಲೆಲ್ಲೂ ಬಾಡಿಗೆಗೆ ಒಂದು ಕೊಟ್ಟಿಗೆಯೂ ಸಿಗುತ್ತಿಲ್ಲ ಎಂದು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು:

"ನಿಮಗೆ ಗೊತ್ತಿರೋ ಕಡೆ ಎಲ್ಲಾದ್ರೂ ಖಾಲಿ ಕೋಣೆ ಇದ್ಯಾ, ದೋನಾ ಅಟ್ರಾಕ್ಟಾ?"

"ಕೇಳಿ ನೋಡ್ತೀನಿ" ಎಂದೆ. ಎಂದಮೇಲೆ ಸುಮ್ಮನಿರುವವಳಲ್ಲ ನಾನು. ಪಾದ್ರಿಗಳನ್ನು ಕೇಳಿದೆ, ಮಲಕಿಯನ್ನು ಕೇಳಿದೆ, ಬಸ್ಸಿಗೆ ಮಕ್ಕಳನ್ನು ಹತ್ತಿಸಲು ಬಂದ ಪ್ರತಿ ತಾಯಿಯನ್ನೂ ಕೇಳಿದೆ. ಎಲ್ಲೂ ಇಲ್ಲ. ಆಗಲೇ ನನ್ನ ತಲೆಗೆ ಹೊಳೆದದ್ದು, ಜಾರ್ಲತ್‌ನ ಮನೆ ಇವರಿಗೇ ಬರಬೇಕು ಎಂದು. ಒಮ್ಮೆ ಹೊಳೆದ ಮೇಲೆ ಅದು ನನ್ನನ್ನು ಬಿಡಲಿಲ್ಲ. ಆ ಕಿಟಕಿಗೆ ಯಾವ ಬಣ್ಣದ ಪರದೆ ಹಾಕುತ್ತಾಳೆ, ಮಕ್ಕಳು ಬೇಲಿ ಹಾರಿ ಬರುತ್ತಾರೋ ಗೇಟಿನಿಂದ ಬರುತ್ತಾರೋ, ಬೇಲಿ ಹಾರಿದರೆ ನಾನು ಹೇಗೆ ಗದರಬೇಕು, ಎಲ್ಲವನ್ನೂ ಯೋಚಿಸಿಟ್ಟೆ. ಮನೆ ಬೇಕಾದವರು, ಮನೆಯಲ್ಲಿ ನಿಲ್ಲುವವರು, ನನಗೆ ಬೇಕಾದವರು. ಇನ್ನೇನು ಬೇಕು?

ನಮ್ಮ ಕಡೆ ಒಂದು ರೂಢಿಯಿದೆ. ಒಬ್ಬರ ಮೇಲೆ ಅಕ್ಕರೆ ಇದ್ದರೆ ಅದನ್ನು ಬಾಯಿಬಿಟ್ಟು ಹೇಳುವ ಜನ ನಾವಲ್ಲ. ಯಾರಾದರೂ ಸತ್ತರೆ ಅವರ ಹೆಸರಲ್ಲಿ ಚರ್ಚಿನಲ್ಲಿ ಪೂಜೆ ಹೇಳಿಸಿ ಮನೆಯವರಿಗೆ ಒಂದು ಕಾರ್ಡು ಕೊಡುತ್ತೇವೆ. ಬದುಕಿರುವವರಾದರೆ, ಕ್ಲಬ್ಬಿನ ಲಾಟರಿಯಲ್ಲಿ ಅವರ ಹೆಸರಿಗೊಂದು ಟಿಕೆಟ್ ಹಾಕುತ್ತೇವೆ. ಟಿಕೆಟ್ಟಿನ ಒಂದರ್ಧದ ಮೇಲೆ ಅವರ ಹೆಸರು, ಅದು ಲಾಟರಿಗೆ; ಇನ್ನರ್ಧ ನಮ್ಮ ಜೇಬಿನಲ್ಲಿ. ಹೇಳುವುದಿಲ್ಲ. ಬಂದರೆ ತಾನೇ ಗೊತ್ತಾಗುತ್ತದೆ, ಬಾರದಿದ್ದರೆ ಗೊತ್ತಾಗುವುದೇ ಇಲ್ಲ. ನಾನೂ ಹಾಗೇ ಮಾಡಿದೆ. ರೊಸಿಲೇನೆಯ ಹೆಸರಿಗೆ ಒಂದು ಹಾಕಿದೆ. ಮುಂದಿನ ಸಂಬಳ ಬಂದಾಗ ಎರಡು. ಜೂನ್ ಕೊನೆಗೆ ಶಾಲೆ ಮುಚ್ಚಿದ ವಾರ ಮತ್ತೆ ಹಾಕಿದೆ. ದೇವರೇ, ಕ್ಲಬ್ಬಿನ ಲಾಟರಿಗೆ ದುಡ್ಡು ಹಾಕುವವರು ಮೂರ್ಖರು ಅಂತ ಹಿಂದೆ ನಾನೇ ಎಷ್ಟು ಸಲ ಹೇಳಿಲ್ಲ!

ಶಾಲೆ ಮುಚ್ಚಿತು, ಬಸ್ಸು ಅಂಗಳದಲ್ಲಿ ನಿಂತಿತು. ಮೆಟ್ಟಿಲ ಮೇಲಿನ ರೊಟ್ಟಿಯುಂಡೆಯೂ ನಿಂತಿತು. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗುವುದು ನನಗೆ ಬರುವುದಿಲ್ಲ. ಒಂದೆರಡು ಸಲ ಆ ಬೀದಿಯಲ್ಲಿ ಹೋದೆ, ತಲೆಯೆತ್ತಿ ಕಿಟಕಿ ನೋಡಿದೆ, ಬಂದೆ. ಬೇಸಿಗೆಯಲ್ಲಿ ನಮ್ಮಲ್ಲಿ ಹತ್ತು ಗಂಟೆಯಾದರೂ ಬೆಳಕಿರುತ್ತದೆ, ಅದೊಂದು ಶಿಕ್ಷೆ. ಕತ್ತಲಾದರೆ ಬಾಗಿಲು ಹಾಕಿ ಮಲಗಬಹುದು. ಬೆಳಕಿರುವಾಗ ಮಲಗುವುದು ಹೇಗೆ? ಕುರ್ಚಿಯಲ್ಲಿ ಕೂತು ರೇಡಿಯೋದವನ ಜೊತೆ ಜಗಳ ಆಡುತ್ತಿದ್ದೆ. ಅವನು ತಿರುಗಿ ಬೈಯುವುದಿಲ್ಲ ಎನ್ನುವುದೇ ಬೇಜಾರು.

ಲಾಟರಿ ಎತ್ತಿದ್ದು ಜುಲೈ ತಿಂಗಳ ಒಂದು ಭಾನುವಾರ, ಪಂದ್ಯ ಮುಗಿದ ಮೇಲೆ, ಕ್ಲಬ್ಬಿನ ಹಾಲ್‌ನಲ್ಲಿ. ಊರಿಗೆ ಊರೇ ಬಂದಿತ್ತು. ಸ್ಯಾಂಡ್‌ವಿಚ್, ಚಹಾ, ಒದ್ದೆ ಕೋಟುಗಳ ವಾಸನೆ. ರೊಸಿಲೇನೆ ಮಕ್ಕಳನ್ನು ಕರೆದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ನನ್ನನ್ನು ನೋಡಿ ಕೈ ಬೀಸಿದಳು, ಆದರೆ ಹತ್ತಿರ ಬರಲಿಲ್ಲ. ವಾಲ್ಡೆಸಿ ಕಾಣಲಿಲ್ಲ. ಪಾಳಿ ಇರಬೇಕು ಅಂದುಕೊಂಡೆ. ಪಾದ್ರಿಗಳು ಟಿಕೆಟ್ ತುಂಬಿದ ಡ್ರಮ್ಮನ್ನು ತಿರುಗಿಸಿದರು, ಕೈ ಹಾಕಿದರು. ನಾನು ಕಣ್ಣು ಮುಚ್ಚಿ, ಚರ್ಚಿನಲ್ಲಿ ಯಾವತ್ತೂ ಬೇಡಿಕೊಳ್ಳದ ಹಾಗೆ ಬೇಡಿಕೊಂಡೆ.

"ಅಟ್ರಾಕ್ಟಾ ಗೆರಟಿ!" ಎಂದು ಓದಿದ ಎಂಡಾ.

ಅದು ನನ್ನ ಹೆಸರು.

"ತಪ್ಪಾಗಿದೆ!" ಎಂದು ನಾನು ಕೂಗಿದೆ. "ನನ್ನ ಹೆಸರಿಗೆ ನಾನು ಟಿಕೆಟ್ಟೇ ಕೊಂಡಿಲ್ಲ! ಇನ್ನೊಂದು ಎತ್ತಿ!"

ಹಾಲ್ ಇಡೀ ನಕ್ಕಿತು. ಮಲಕಿ ಹಿಂದಿನಿಂದ ಕೂಗಿದ, "ನೀನು ಕೊಳ್ಳಲ್ಲ ಅಂತ್ಲೇ ನಿನ್ನ ಹೆಸರಿಗೆ ನಾನೊಂದು ಹಾಕಿದ್ದೆ ಕಣೆ!" "ನಾನೂ ಹಾಕಿದೀನಿ" ಎಂದಿತು ಇನ್ನೊಂದು ದನಿ. "ನಾವೂನೂ" ಎಂದರು ಬಸ್ಸಿನ ತಾಯಂದಿರು. ಪಾಪ, ಒಂಟಿ ಹೆಂಗಸು, ಪಕ್ಕದ ಮನೆಗೂ ಒಂದು ಟಿಕೆಟ್ ಕೊಳ್ಳಲಾಗದ ಸ್ಥಿತಿ ಅಂದುಕೊಂಡು, ಊರು ಗುಟ್ಟಾಗಿ ನನ್ನ ಹೆಸರನ್ನು ಡ್ರಮ್ಮಿಗೆ ತುಂಬಿತ್ತು. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ.

ಆಗ ರೊಸಿಲೇನೆ ಜನರನ್ನು ನೂಕಿಕೊಂಡು ಓಡಿಬಂದಳು. ಕೈಯಲ್ಲಿ ಹರಿದ ಅರ್ಧ ಟಿಕೆಟ್. ಎಂಡಾ ಎರಡನ್ನೂ ಜೋಡಿಸಿ ನೋಡಿದ. ನಂಬರು ಒಂದೇ.

"ನಾನು ಹಾಕಿದ್ದು, ದೋನಾ ಅಟ್ರಾಕ್ಟಾ! ನಂದೇ ಬಂತು!" ಎಂದು ಕುತ್ತಿಗೆಗೆ ಜೋತುಬಿದ್ದಳು. ಜನ ಚಪ್ಪಾಳೆ ತಟ್ಟಿದರು. ಯಾರೋ ಅತ್ತರು ಕೂಡ. ನಾನು ಅವಳ ಕೈ ಹಿಡಿದು ಹಾಲ್‌ನಿಂದ ಹೊರಗೆ, ಕಾರುಗಳು ನಿಂತಿದ್ದ ಕಡೆಗೆ ಎಳೆದುಕೊಂಡು ಹೋದೆ. ಮನೆ ಬಂತಲ್ಲ, ಹೆಸರು ಯಾರದಾದರೇನು? ಕೆಲಸ ಸುಲಭವಾಯಿತು ಅನಿಸಿ ನನ್ನ ಕಾಲು ನೆಲದ ಮೇಲಿರಲಿಲ್ಲ.

"ಕೇಳಿಲ್ಲಿ. ಆ ಮನೆ ನಿಂದು. ಬೀಗದ ಕೈ ಸಿಕ್ಕಿದ ದಿನವೇ ನೀವು ಬಂದ್ಬಿಡಿ. ಬಾಡಿಗೆ ಗೀಡಿಗೆ ಅಂತ ಬಾಯಿ ತೆಗೆದ್ಯೋ, ನೋಡು ಮತ್ತೆ."

ಅವಳ ಮುಖದ ನಗು ಇಳಿಯಿತು.

"ನಾವು ಮಂಗಳವಾರ ಹೊರಡ್ತಿದೀವಿ."

"ಎಲ್ಲಿಗೆ?"

"ಬ್ರೆಜಿಲ್‌ಗೆ, ನಮ್ಮೂರಿಗೆ. ವಾಲ್ಡೆಸಿ ಹೋಗಿ ಎರಡು ವಾರ ಆಯ್ತು. ಅಲ್ಲಿ ಅವನ ಅಣ್ಣನ ಗ್ಯಾರೇಜಲ್ಲಿ ಕೆಲಸ. ಮಕ್ಕಳಿಗೆ ಶಾಲೆನೂ ಆಗಿದೆ."

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳೋಕೆ ಬಾಯಿ ಬರ್ಲಿಲ್ಲ. ಎರಡು ಸಲ ನಿಮ್ಮ ರಸ್ತೆವರೆಗೂ ಬಂದು ವಾಪಸ್ ಹೋದೆ. ಅದಕ್ಕೇ ಟಿಕೆಟ್ ಹಾಕಿದೆ. ಇಲ್ಲಿ ಹಾಗ್ ಮಾಡ್ತಾರಂತಲ್ಲ, ಎಂಡಾ ಹೇಳಿದ. ನಾವಂತೂ ಇರಲ್ಲ, ನಿಮಗಾದ್ರೂ ಒಳ್ಳೇದಾಗ್ಲಿ ಅಂತ."

"ಹೋಗೋದ್ ನಿಲ್ಲಿಸು. ಈಗ ಮನೆ ಇದ್ಯಲ್ಲ!"

"ಅವನು ಕಾರ್ಖಾನೆ ಕೆಲಸ ಬಿಟ್ಟಾಯ್ತು, ದೋನಾ ಅಟ್ರಾಕ್ಟಾ. ಆ ಕೆಲಸದ ಮೇಲೇ ನಮಗೆ ಇಲ್ಲಿರೋಕೆ ಪರವಾನಗಿ ಇದ್ದದ್ದು. ಅದು ಹೋಯ್ತು. ಇನ್ನು ವಾಪಸ್ ಬರೋ ಹಾಗಿಲ್ಲ."

ಒಳಗೆ ಹಾಡು ಶುರುವಾಗಿತ್ತು. ನಾನು ಒಂದು ಕಾರಿನ ಮೇಲೆ ಕೈಯೂರಿ ನಿಂತೆ. ನನಗೆ ಸಿಟ್ಟೇ ಬಂತು, ನಿಜ ಹೇಳುತ್ತೇನೆ. ಅವಳ ಮೇಲೆ, ವಾಲ್ಡೆಸಿಯ ಮೇಲೆ, ಕಟ್ಟಡ ಮಾರಿದ ಆ ಮೀನಂಗಡಿಯವನ ಮೇಲೆ.

"ಸ್ವಲ್ಪ ತಡೀಬಾರದಿತ್ತಾ? ಊರಲ್ಲಿ ಒಬ್ಬರನ್ನೂ ಬಿಡದೆ ಕೇಳಿದೀನಿ ನಿಮಗೋಸ್ಕರ! ಎಲ್ಲೂ ಒಂದು ಕೋಣೆ ಸಿಗ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

ರೊಸಿಲೇನೆ ನನ್ನನ್ನೇ ನೋಡಿದಳು. ಅವಳ ದನಿಯಲ್ಲಿ ತಕರಾರು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

"ಊರಲ್ಲಿ ಕೇಳಿ ಅಂತ ನಾನು ಹೇಳಿರ್ಲಿಲ್ಲ. ನಾನು ನಿಮ್ಮನ್ನ ಕೇಳಿದ್ದು."

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕೂರಲು ಏನಾದರೂ ಸಿಗುತ್ತದಾ ಎಂದು ಸುತ್ತ ನೋಡಿದೆ.

"ನೀವು ಕೇಳಿ ನೋಡ್ತೀನಿ ಅಂದ್ರಿ," ಎಂದಳು. "ನಿಮಗೆ ಇಷ್ಟ ಇಲ್ಲ ಅಂತ ತಿಳ್ಕೊಂಡ್ವಿ. ನಿಮಗೆ ಒಬ್ಬರೇ ಇರೋದು ಇಷ್ಟ ಅಂತ ಎಲ್ಲರೂ ಹೇಳ್ತಾರೆ. ನೀವೂ ಹೇಳ್ತೀರ. ಅದಕ್ಕೇ ಇನ್ನೊಂದ್ಸಲ ಕೇಳ್ಲಿಲ್ಲ."

ನನ್ನ ಮನೆಯಲ್ಲಿ ಇರಿ ಎನ್ನುವುದು ನನ್ನ ತಲೆಗೇ ಬರಲಿಲ್ಲ ಅಂತ ಹೇಳಿದರೆ ಸುಳ್ಳು. ಬಂದಿತ್ತು. ರಾತ್ರಿ ಬಂದು ಬೆಳಿಗ್ಗೆ ಹೋಗುತ್ತಿತ್ತು. ಸಿಡುಕು ಮುದುಕಿಯ ಜೊತೆ ಒಂದೇ ಅಡುಗೆಮನೆಯಲ್ಲಿ ಯಾರು ಇರುತ್ತಾರೆ? ಇಲ್ಲ ಅಂದುಬಿಟ್ಟರೆ ಮರುದಿನ ಆ ಮೆಟ್ಟಿಲ ಮುಂದೆ ಬಸ್ಸು ಹೇಗೆ ನಿಲ್ಲಿಸುವುದು? ಇಲ್ಲ ಅನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅದೇ ಲಾಟರಿ ‘ಇಲ್ಲ’ ಅಂದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಐದು ಸಾವಿರದಲ್ಲಿ ಒಂದು ಎನ್ನುವ ಸಮಾಧಾನ ಇರುತ್ತದೆ. ಅದಕ್ಕೇ ದುಡ್ಡು ಹಾಕಿದ್ದೆ ನಾನು.

"ಇರಿ," ಎಂದೆ. "ನನ್ನ ಮನೇಲೇ ಇರಿ. ನನಗೆ ಆ ಮನೆ ಬೇಡ, ಯಾವ ಮನೆನೂ ಬೇಡ. ನೀವು ಬೇಕು."

ಇಡೀ ಜೀವಮಾನದಲ್ಲಿ ನಾನು ಇನ್ನೊಬ್ಬರಿಗೆ ಹೇಳಿದ ಇಂಥ ಮಾತು ಅದೊಂದೇ. ಅವಳು ನನ್ನ ಎರಡೂ ಕೆನ್ನೆ ಹಿಡಿದು, ಹಣೆಗೆ ಹಣೆ ಒತ್ತಿ ನಿಂತಳು. ಹಾಲ್‌ನಿಂದ ಯಾರೋ "ಎಲ್ಲಿ ಹೋದ್ಳು ಅದೃಷ್ಟವಂತೆ?" ಎಂದು ಕೂಗುತ್ತಿದ್ದರು.

ಮಂಗಳವಾರ ನಾನೇ ಬಸ್ಸಿನಲ್ಲಿ ಅವರನ್ನು ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಬಿಟ್ಟೆ. ಮಕ್ಕಳು ಶಾಲೆಗೆ ಹೋಗುವಾಗ ಕೂರುತ್ತಿದ್ದ ಸೀಟಿನಲ್ಲೇ ಕೂತರು. ರೊಸಿಲೇನೆ ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಅಲ್ಲಿಯ ಮನೆಯ ವಿಷಯ ಹೇಳಿದಳು, ಅಂಗಳದಲ್ಲಿ ಮಾವಿನ ಮರ ಇದೆಯಂತೆ, ಅತ್ತೆಗೆ ಕಿವಿ ಕೇಳಿಸುವುದಿಲ್ಲವಂತೆ. "ಬನ್ನಿ ಒಂದ್ಸಲ" ಎಂದಳು. ಬರುತ್ತೇನೆ ಎಂದೆ. ಇಬ್ಬರಿಗೂ ಗೊತ್ತಿತ್ತು. ಸಾಮಾನಿನ ಗಾಡಿ ತಳ್ಳುತ್ತಾ ಒಳಗೆ ಹೋಗುವಾಗ ಮಾಯ್ಸಾ ಮಾತ್ರ ತಿರುಗಿ ಓಡಿಬಂದು, ನನ್ನ ಹೊಟ್ಟೆಗೆ ಮುಖ ಒತ್ತಿ, ಮತ್ತೆ ಓಡಿದಳು. ಅಲ್ಲಿ ಗಾಡಿ ನಿಲ್ಲಿಸಬಾರದು ಎಂದು ಒಬ್ಬ ಸಮವಸ್ತ್ರದವನು ಬಂದು ಗದರಿದ. ನಾನು ತಿರುಗಿ ಗದರಲಿಲ್ಲ.

ಊರಿಗೆ ಬಂದರೆ ಜಾರ್ಲತ್‌ನ ಮನೆಯ ಮುಂದೆ ಎಂಡಾ ಕಾಯುತ್ತಿದ್ದ. ವಾರಪತ್ರಿಕೆಯ ಫೋಟೋದವನನ್ನು ಕರೆಸಿದ್ದ. ರಟ್ಟಿನಲ್ಲಿ ಮಾಡಿದ, ನನ್ನಷ್ಟೇ ಎತ್ತರದ ಒಂದು ಬೀಗದ ಕೈಯನ್ನು ನನ್ನ ತೋಳಿಗೆ ಕೊಟ್ಟ. "ಒಂದೇ ಒಂದು ಫೋಟೋ ಅಟ್ರಾಕ್ಟಾ, ಮುಂದಿನ ವರ್ಷವೂ ಜನ ಟಿಕೆಟ್ ಕೊಳ್ಳಬೇಕಲ್ಲ" ಎಂದು ಬೇಡಿಕೊಂಡ. ಗಾಳಿ ಆ ರಟ್ಟನ್ನು ಹಿಡಿದು ಎಳೆಯುತ್ತಿತ್ತು. ನಾನು ಬಾಗಿಲ ಮುಂದೆ ನಿಂತೆ.

ಫೋಟೋದವನು ಪಾಪ ಬೇರೆ ಊರಿನ ಹುಡುಗ, ನನ್ನನ್ನು ಅರಿಯದವನು. ಕ್ಯಾಮೆರಾದಿಂದ ಕಣ್ಣು ತೆಗೆದು, "ನೀವೊಬ್ಬರೇ ಇದ್ರೆ ಫೋಟೋ ಖಾಲಿ ಖಾಲಿ ಕಾಣ್ತಿದೆ," ಎಂದ. "ನಿಮ್ಮ ಕಡೆಯವರು ಯಾರೂ ಇಲ್ವಾ, ಪಕ್ಕದಲ್ಲಿ ನಿಲ್ಲೋಕೆ?"

"ಇದ್ದಾರೆ," ಎಂದೆ. "ಈಗ ವಿಮಾನದಲ್ಲಿದ್ದಾರೆ."

"ಓ, ಬರ್ತಿದಾರಾ? ಹಾಗಾದ್ರೆ ಕಾಯೋಣ ಬೇಕಾದ್ರೆ, ನನಗೇನೂ ಅವಸರ ಇಲ್ಲ" ಎಂದ ಅವನು.

ಎಂಡಾ ನೆಲ ನೋಡಿದ. ನಾನು ರಟ್ಟಿನ ಬೀಗದ ಕೈಯನ್ನು ನೆಟ್ಟಗೆ ಹಿಡಿದೆ.

"ಬೇಡಪ್ಪ," ಎಂದೆ. "ಹೀಗೇ ತೆಗೆದುಬಿಡು."